ಮುಧೋಳ ನಾಯಿಮರಿ: ಆರಿಸುವುದು ಹೇಗೆ, ಉಣಿಸುವುದು ಹೇಗೆ?

ಎಂಟು ವಾರದ ಮುಧೋಳ ಮರಿಯನ್ನು ಮೊದಲ ಸಲ ಕಂಡವರಿಗೆ, ಇದು ಮುಂದೆ ಮೊಲದ ಬೆನ್ನಟ್ಟಬಲ್ಲ ನಾಯಿಯಾಗುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಕಾಲುಗಳು ದೇಹಕ್ಕೆ ಹೊಂದದಷ್ಟು ಉದ್ದವಾಗಿರುತ್ತವೆ, ಮುಂಗಾಲಿನ ಮಣಿಕಟ್ಟುಗಳು ಗಂಟುಕಟ್ಟಿದಂತೆ ದಪ್ಪಗಿರುತ್ತವೆ, ಬಾಲ ಹಗ್ಗದ ತುಂಡಿನಂತೆ ಜೋತಾಡುತ್ತದೆ. ಈ ಗಂಟುಗಳೇ ಎಲುಬು ಬೆಳೆಯುವ ಜಾಗಗಳು. ಮರಿಯನ್ನು ಆರಿಸುವಾಗ ಕಣ್ಣು ಹೋಗಬೇಕಾದದ್ದು ಅಲ್ಲಿಗೆ, ಮನೆಗೆ ತಂದ ಮೇಲೆ ಆಹಾರದಿಂದ ಕಾಪಾಡಬೇಕಾದದ್ದೂ ಅವನ್ನೇ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ಈ ನಾಯಿಯನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿಯನ್ನು ಮುತುವರ್ಜಿಯಿಂದ ಬೆಳೆಸಿ, ಬ್ರಿಟಿಷ್ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ವಾಸನೆಗಿಂತ ಕಣ್ಣನ್ನೇ ಹೆಚ್ಚಾಗಿ ನಂಬಿ, ಬಯಲಿನಲ್ಲಿ ಓಡುವ ಪ್ರಾಣಿಯನ್ನು ವೇಗದಿಂದ ಹಿಡಿಯುವ ನಾಯಿಗಳ ಗುಂಪಿಗೆ ಇದು ಸೇರಿದೆ. ಇಂಗ್ಲೆಂಡ್ ಮತ್ತು ಐರ್ಲೆಂಡ್‌ನಲ್ಲಿ ಇದೇ ಕೆಲಸಕ್ಕೆಂದು ಗ್ರೇಹೌಂಡನ್ನು ಕೋಲಿ ಅಥವಾ ಟೆರಿಯರ್‌ನೊಂದಿಗೆ ಕೂಡಿಸಿ ಲರ್ಚರ್ ಎಂಬ ಮಿಶ್ರ ನಾಯಿಯನ್ನು ಬೇಕೆಂದೇ ಬೆಳೆಸುತ್ತಾರೆ. ನಮ್ಮಲ್ಲಿ ಮಾತ್ರ ಮಿಶ್ರಣವೇ ದೊಡ್ಡ ಆತಂಕವಾಗಿದೆ, ಆ ವಿಷಯ ಮುಂದೆ ಬರುತ್ತದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಕಾಡುಮೊಲದ ಬೇಟೆ ಅಪರಾಧ. ಅಜ್ಜನ ಕಾಲದಲ್ಲಿ ನಡೆಯುತ್ತಿತ್ತು ಎಂಬ ಕಾರಣಕ್ಕೆ ಇಂದು ನಾಯಿಯನ್ನು ಮೊಲದ ಮೇಲೆ ಬಿಡುವಂತಿಲ್ಲ. ಆದರೆ ಬೇಟೆಗಾಗಿ ರೂಪುಗೊಂಡ ಮೈಕಟ್ಟು, ಕಣ್ಣು ಮತ್ತು ಓಟದ ಹಂಬಲ ಈ ನಾಯಿಯ ರಕ್ತದಲ್ಲಿವೆ. ಓಟದ ಸ್ಪರ್ಧೆಗೆ, ಹೊಲಮನೆಯ ಕಾವಲಿಗೆ ಅಥವಾ ಜೊತೆಗಾರನಾಗಿ, ಯಾವುದಕ್ಕೇ ಸಾಕಿದರೂ ಆಯ್ಕೆಯ ಮತ್ತು ಆಹಾರದ ಲೆಕ್ಕ ಬೇಟೆನಾಯಿಯದೇ ಆಗಿರಬೇಕು.

ಹೆಜ್ಜೆ 1: ಜಾಗ ಇದೆಯೇ ಎಂದು ನೋಡಿಕೊಳ್ಳಿ

ದಿನಕ್ಕೊಮ್ಮೆಯಾದರೂ ಮೈಬಿಚ್ಚಿ ಓಡಲು ಬೇಲಿ ಹಾಕಿದ ಹೊಲ, ತೋಟ ಅಥವಾ ಮೈದಾನ ಹತ್ತಿರದಲ್ಲಿ ಇಲ್ಲದವರು ಈ ತಳಿಯ ಆಸೆಯನ್ನು ಬಿಡುವುದೇ ಒಳ್ಳೆಯದು. ಓಡುವುದೇನಾದರೂ ಕಣ್ಣಿಗೆ ಬಿದ್ದರೆ ಅದು ಕರೆದರೂ ತಿರುಗಿ ನೋಡುವುದಿಲ್ಲ. ಹೆದ್ದಾರಿ ಪಕ್ಕದ ಮನೆಯಲ್ಲಿ ಇದರಿಂದಾಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕಿದ ಮುಧೋಳ ನಾಯಿ ಕೊರಗುತ್ತದೆ, ಸಿಡುಕುತ್ತದೆ, ಕೊನೆಗೆ ಕಚ್ಚುವ ನಾಯಿಯಾಗುತ್ತದೆ.

ಹೆಜ್ಜೆ 2: ಮರಿಗಿಂತ ಮೊದಲು ತಾಯಿಯನ್ನು ನೋಡಿ

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಆಕಾಶವಾಣಿಯ ತಮ್ಮ ಮಾಸಿಕ ಭಾಷಣದಲ್ಲಿ ದೇಶಿ ತಳಿಗಳನ್ನು ಸಾಕುವಂತೆ ಕರೆ ಕೊಟ್ಟಾಗ ಮುಧೋಳದ ಹೆಸರನ್ನೂ ಹೇಳಿದ್ದರು. ಬೇಡಿಕೆ ಬಂದಲ್ಲಿ ಬೆರಕೆಯೂ ಬರುತ್ತದೆ. ಗ್ರೇಹೌಂಡ್ ರಕ್ತ ಬೆರೆತ ಮರಿಗಳನ್ನು ಶುದ್ಧ ಮುಧೋಳ ಎಂದು ಮಾರುವುದುಂಟು, ಮತ್ತು ಎಂಟು ವಾರದ ಮರಿಯ ಮುಖ ನೋಡಿ ಇದನ್ನು ಹೇಳುವುದು ಅನುಭವಿಗಳಿಗೂ ಸುಲಭವಲ್ಲ. ಆದ್ದರಿಂದ ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ ಕಣ್ಣಾರೆ ನೋಡದೆ ಮರಿ ಕೊಳ್ಳಬೇಡಿ. ಬರೀ ಫೋಟೊ ನೋಡಿ ಮುಂಗಡ ಹಣ ಕಳಿಸುವುದಂತೂ ಬೇಡವೇ ಬೇಡ.

ನಾನು ಮೊದಲ ಮರಿ ತರಲು ಹೋದಾಗ, ಮೂರು ತಲೆಮಾರಿನಿಂದ ನಾಯಿ ಸಾಕಿದ ಮನೆಯ ಹಿರಿಯರೊಬ್ಬರು ನಾನು ಮರಿಗಳ ಬಣ್ಣ ನೋಡುತ್ತಿದ್ದುದನ್ನು ಕಂಡು, "ಬಣ್ಣ ಆಮ್ಯಾಲ ನೋಡ್ರಿ, ಮೊದ್ಲ ತಾಯಿ ನಡಿಗಿ ನೋಡ್ರಿ" ಎಂದರು. ತಾಯಿಯನ್ನು ಅಂಗಳದಲ್ಲಿ ಅತ್ತಿಂದಿತ್ತ ನಡೆಸಿ ತೋರಿಸಿದರು. ಮುಂಗಾಲುಗಳು ಮುಂದಿನಿಂದ ನೋಡಿದಾಗ ಎರಡು ನೆಟ್ಟ ಕೋಲುಗಳಂತೆ ನೇರವಾಗಿದ್ದವು, ಹಿಂಗಾಲು ಒಂದಕ್ಕೊಂದು ತಾಗದೆ ಬೀಳುತ್ತಿತ್ತು, ಎದೆ ಆಳವಾಗಿದ್ದು ಹೊಟ್ಟೆ ಒಳಕ್ಕೆ ಸೇರಿತ್ತು. ಎರಡು ತಿಂಗಳ ಹಿಂದಷ್ಟೇ ಈದಿದ್ದರೂ ಅದರ ಬೆನ್ನು ಬಾಗಿರಲಿಲ್ಲ. ಆ ಐದು ನಿಮಿಷದಲ್ಲಿ ಕಲಿತದ್ದನ್ನು ನಾನು ಇಂದಿಗೂ ಎಲ್ಲಕ್ಕಿಂತ ಮುಂದಿಡುತ್ತೇನೆ.

ತಾಯಿಯ ಸ್ವಭಾವವನ್ನೂ ಗಮನಿಸಿ. ಮುಧೋಳ ನಾಯಿ ಅಪರಿಚಿತರಿಗೆ ಬೇಗ ಒಲಿಯುವುದಿಲ್ಲ, ದೂರ ನಿಂತು ನೋಡುವುದು ಸಹಜ. ಆದರೆ ಮಾಲೀಕರು ಪಕ್ಕದಲ್ಲಿದ್ದರೂ ಮೈ ನಡುಗಿಸುವ ಅಥವಾ ಹಲ್ಲು ಕಿರಿಯುವ ತಾಯಿಯ ಮರಿ ಬೇಡ. ತಂದೆ-ತಾಯಿ ಒಂದೇ ಸೂಲಿನ ಅಣ್ಣ-ತಂಗಿಯರೇ ಎಂದು ಸಂಕೋಚವಿಲ್ಲದೆ ಕೇಳಿ. ಸಣ್ಣ ಹಳ್ಳಿಯೊಂದರಲ್ಲಿ ನಾಯಿಗಳ ಸಂಖ್ಯೆ ಕಡಿಮೆ ಇರುವಾಗ ಇಂಥ ಕೂಡಿಕೆ ತಿಳಿಯದೆಯೂ ನಡೆದುಹೋಗುತ್ತದೆ.

ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಬಗ್ಗೆ ಸಂದೇಹವಿರುವವರು ಅಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ. ಎಲ್ಲಿ ಕೊಂಡರೂ ಮರಿಗೆ ಎಂಟು ವಾರ ತುಂಬಿರಲಿ. 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳೂ ಅದಕ್ಕಿಂತ ಎಳೆಯ ಮರಿಯ ಮಾರಾಟವನ್ನು ಒಪ್ಪುವುದಿಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳೊಡನೆ ಕಚ್ಚಾಡಿ ಆಡುತ್ತಲೇ ಮರಿ ಹಲ್ಲಿನ ಬಿಗಿ ಎಷ್ಟಿರಬೇಕೆಂದು ಕಲಿಯುತ್ತದೆ. ನಾಲ್ಕೈದು ವಾರಕ್ಕೇ ಅಗಲಿಸಿದ ಮರಿಗೆ ಆ ಪಾಠ ಸಿಗುವುದಿಲ್ಲ.

ಹೆಜ್ಜೆ 3: ಮರಿಯನ್ನು ನೆಲದ ಮೇಲೆ ಬಿಟ್ಟು ಪರೀಕ್ಷಿಸಿ

ಮರಿಯನ್ನು ಎತ್ತಿಕೊಂಡು ಮುದ್ದಿಸುವ ಮೊದಲು ಇಡೀ ಸೂಲಿನ ಮರಿಗಳನ್ನು ಅಂಗಳಕ್ಕೆ ಬಿಡಿಸಿ, ಕಾಲು ಗಂಟೆ ಸುಮ್ಮನೆ ಕುಳಿತು ನೋಡಿ. ಆಗತಾನೇ ಹೊಟ್ಟೆತುಂಬ ಹಾಲು ಕುಡಿದ ಮರಿಗಳೆಲ್ಲ ಮಂಕಾಗಿಯೇ ಕಾಣುತ್ತವೆ, ಆದ್ದರಿಂದ ಊಟಕ್ಕೆ ಮುಂಚಿನ ಹೊತ್ತಿಗೆ ಹೋಗುವುದು ಉತ್ತಮ. ಮೂಲೆ ಹಿಡಿದು ಹೊರಗೇ ಬಾರದ ಮರಿ ಮತ್ತು ಎಲ್ಲವನ್ನೂ ತುಳಿದು ಮುನ್ನುಗ್ಗುವ ಮರಿ, ಮೊದಲ ಸಲ ಸಾಕುವವರಿಗೆ ಇವೆರಡೂ ಕಷ್ಟ. ಸ್ಟೀಲ್ ತಟ್ಟೆಯೊಂದನ್ನು ಸ್ವಲ್ಪ ದೂರದಲ್ಲಿ ಬೀಳಿಸಿ. ಬೆಚ್ಚಿ ಹಿಂದೆ ಸರಿದರೂ ಕ್ಷಣದಲ್ಲಿ ಮತ್ತೆ ಬಂದು ತಟ್ಟೆಯನ್ನು ಮೂಸುವ ಮರಿ ಬೇಕು. ಆಮೇಲೆ ಹುರಿಯ ತುದಿಗೆ ಬಟ್ಟೆಯ ಚೂರು ಕಟ್ಟಿ ನೆಲದ ಮೇಲೆ ಸರಸರನೆ ಎಳೆಯಿರಿ. ಒಳ್ಳೆಯ ಮರಿಯ ಕಣ್ಣು ಮೊದಲು ನೆಟ್ಟು ನಿಲ್ಲುತ್ತದೆ, ಕುತ್ತಿಗೆ ತಗ್ಗುತ್ತದೆ, ಅನಂತರ ಮೈ ಹಾರುತ್ತದೆ. ಇದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಈಗ ಕೈಗೆತ್ತಿಕೊಂಡು ನೋಡಿ. ವಸಡು ಗುಲಾಬಿ ಬಣ್ಣದಲ್ಲಿರಬೇಕು, ಬಿಳಿಚಿದ್ದರೆ ಜಂತುಹುಳು ಅಥವಾ ಉಣ್ಣೆಯ ಕಾಟ ಇರಬಹುದು. ಮೇಲಿನ ಮುಂಹಲ್ಲುಗಳು ಕೆಳಗಿನವುಗಳ ಮುಂದೆ ಕತ್ತರಿಯ ಅಲಗುಗಳಂತೆ ಒತ್ತಾಗಿ ಕೂರಬೇಕು. ಹೊಟ್ಟೆ ಉಬ್ಬಿ ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಅದು ಹುಳುವಿನ ಹೊಟ್ಟೆ. ಹೊಕ್ಕುಳಲ್ಲಿ ಮೆತ್ತನೆಯ ಗಂಟು ಸಿಕ್ಕರೆ ವೈದ್ಯರಿಗೆ ತೋರಿಸದೆ ಮಾತು ಮುಗಿಸಬೇಡಿ. ಗಂಡು ಮರಿಯಾದರೆ ಎರಡೂ ವೃಷಣಗಳು ಕೆಳಗಿಳಿದಿವೆಯೇ ಎಂದು ಮುಟ್ಟಿ ನೋಡಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಬಾಲ ಉದ್ದವಾಗಿ, ತುದಿಗೆ ಹೋದಂತೆ ಸಣ್ಣಗಾಗಿರಲಿ. ಬಣ್ಣ ಕಂದು, ಕೆನೆ, ಕಪ್ಪು, ಬೂದು, ಪಟ್ಟೆ ಯಾವುದಾದರೂ ಆಗಬಹುದು. ಓಟಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ.

ಹೆಜ್ಜೆ 4: ಮೊದಲ ವಾರ

ಮರಿ ತರುವಾಗ ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಹೊಸ ಆಹಾರವನ್ನು ಮೊದಲೆರಡು ದಿನ ಕಾಲು ಭಾಗ, ಮುಂದಿನ ಎರಡು ದಿನ ಅರ್ಧ ಭಾಗ, ಹೀಗೆ ಬೆರೆಸುತ್ತ ವಾರದ ಕೊನೆಗೆ ಪೂರ್ತಿ ಬದಲಿಸಿ. ಜಂತುಹುಳು ಔಷಧ ಎರಡು ವಾರದ ಪ್ರಾಯದಿಂದಲೇ ಎರಡು ವಾರಕ್ಕೊಮ್ಮೆ ನಡೆದಿರಬೇಕು. ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟು ವಾರದೊಳಗೆ ಆರಂಭವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮುಂದುವರಿಯಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಈ ಸರಣಿ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬೇಡಿ.

ಹೆಜ್ಜೆ 5: ಬಟ್ಟಲಿಗೆ ಏನು, ಎಷ್ಟು?

ನನ್ನ ಮೊದಲ ಮರಿಗೆ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಬೇಟೆನಾಯಿಗೆ ಮಾಂಸವೇ ಆಹಾರ ಎಂದು ನಂಬಿ, ದಿನವೂ ಎಲುಬಿಲ್ಲದ ಮಾಂಸ ಮತ್ತು ಅನ್ನ ಬೇಯಿಸಿ ಹಾಕಿದೆ. ಮರಿ ಸೊಗಸಾಗಿ ತಿಂದಿತು, ಮೈ ಮಿರಿಮಿರಿ ಮಿಂಚಿತು. ನಾಲ್ಕನೇ ತಿಂಗಳಲ್ಲಿ ಅದರ ಮುಂಗಾಲು ಹೊರಕ್ಕೆ ಬಾಗಿ, ಪಾದ ನೆಲಕ್ಕೆ ಚಪ್ಪಟೆಯಾಗಿ ಬೀಳತೊಡಗಿತು, ಎತ್ತಿಕೊಂಡರೆ ಕುಂಯ್ಗುಡುತ್ತಿತ್ತು. ಪಶುವೈದ್ಯರು ಕಾರಣವನ್ನು ಬಿಡಿಸಿ ಹೇಳಿದರು: ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ಆಹಾರದಲ್ಲಿ ಸಿಗದ ಕ್ಯಾಲ್ಸಿಯಮನ್ನು ದೇಹ ತನ್ನ ಎಲುಬಿನಿಂದಲೇ ಕರಗಿಸಿ ರಕ್ತಕ್ಕೆ ಕೊಡುತ್ತದೆ, ಬೆಳೆಯುವ ಎಲುಬು ಮೆದುವಾಗಿ ಮೈಭಾರಕ್ಕೆ ಬಾಗುತ್ತದೆ. ಆಹಾರ ಸರಿಪಡಿಸಿದ ಮೇಲೆ ಬಾಗು ಬಹುಪಾಲು ಹೋಯಿತು, ಆದರೆ ಆ ನಾಯಿ ಕೊನೆಯವರೆಗೂ ಎಡಗಾಲನ್ನು ತುಸು ಹೊರಗಿಟ್ಟೇ ಓಡಿತು.

ಸಿದ್ಧ ಆಹಾರ ಕೊಡುವವರು ಮರಿಗಳಿಗೆಂದೇ ತಯಾರಿಸಿದ್ದನ್ನು ಆರಿಸಿ. ಚೀಲದ ಮೇಲೆ ಪ್ರೋಟೀನ್ ಶೇ 22ಕ್ಕಿಂತ ಕಡಿಮೆ ಇರದಂತೆ ನೋಡಿ. ನಾಲ್ಕು ಕಿಲೊ ತೂಗುವ ಎಳೆಯ ಮರಿಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲೊರಿ ಬೇಕು, ಅಂದರೆ ಒಣ ಆಹಾರ ಸುಮಾರು 150ರಿಂದ 160 ಗ್ರಾಂ. ಇದನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ನಾಲ್ಕು ಹೊತ್ತಿಗೆ ಹಂಚಿ. ನಾಲ್ಕು ತಿಂಗಳ ನಂತರ ಮೂರು ಹೊತ್ತು, ಆರು ತಿಂಗಳ ನಂತರ ಎರಡು ಹೊತ್ತು ಸಾಕು. ಸಿದ್ಧ ಆಹಾರದಲ್ಲಿ ಕ್ಯಾಲ್ಸಿಯಂ ಲೆಕ್ಕಹಾಕಿಯೇ ಸೇರಿಸಿರುತ್ತಾರೆ. ಅದರ ಮೇಲೆ ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಬಾಟಲಿಯನ್ನೂ ಸುರಿದರೆ ಎಲುಬಿನ ಬೆಳವಣಿಗೆ ಇನ್ನೊಂದು ರೀತಿಯಲ್ಲಿ ಕೆಡುತ್ತದೆ, ಏಕೆಂದರೆ ಎಳೆಯ ಮರಿಯ ಕರುಳು ಹೆಚ್ಚಾದದ್ದನ್ನು ತಡೆಯುವಷ್ಟು ಬಲಿತಿರುವುದಿಲ್ಲ.

ಮನೆಯ ಅಡುಗೆಯನ್ನೇ ನೆಚ್ಚಿದವರಿಗೆ ಜೋಳದ ನುಚ್ಚು ಅಥವಾ ಮೆತ್ತಗೆ ಬೇಯಿಸಿದ ಅನ್ನ, ಅದರಷ್ಟೇ ಪ್ರಮಾಣದ ಬೇಯಿಸಿದ ಕೋಳಿ ಖೀಮಾ, ದಿನಕ್ಕೊಂದು ಬೇಯಿಸಿದ ಮೊಟ್ಟೆ, ಸ್ವಲ್ಪ ಕುಂಬಳಕಾಯಿ ಅಥವಾ ಗಜ್ಜರಿ ಒಳ್ಳೆಯ ಬುನಾದಿ. ವಾರಕ್ಕೊಮ್ಮೆ ಎರಡು ತುಂಡು ಕುರಿಯ ಕಾಳಿಜ ಸೇರಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಕ್ಯಾಲ್ಸಿಯಮ್‌ಗೆ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಹಿಟ್ಟಿನಂತೆ ಬೀಸಿಕೊಳ್ಳಿ. ಒಂದು ಟೀ ಚಮಚ ಪುಡಿಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಮೇಲೆ ಹೇಳಿದ ಮರಿಗೆ ಅದು ಒಂದು ದಿನದ ಅಗತ್ಯಕ್ಕೆ ಹತ್ತಿರ. ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೂ ಅದರಲ್ಲಿ ಒಂದು ಭಾಗವಷ್ಟೇ ಮೈಗೆ ಹತ್ತುತ್ತದೆ, ರಾಗಿ ಗಂಜಿಯೊಂದನ್ನೇ ನಂಬಬಾರದು. ಮರಿಯ ತೂಕ ಏರಿದಂತೆ ಪ್ರಮಾಣ ಬದಲಾಗುವುದರಿಂದ ಮನೆಯೂಟದ ಪಟ್ಟಿಯನ್ನು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸಿ. ಹಾಲು ಕೆಲವು ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ. ನೀರು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಆದ್ದರಿಂದ ಮನೆಯ ಸಾರು ಕಲಸಿದ ಅನ್ನವನ್ನು ಹಾಕಬಾರದು. ಬೇಯಿಸಿದ ಕೋಳಿ ಎಲುಬು ಸೀಳಿ ಚೂಪಾಗಿ ಕರುಳನ್ನು ಹರಿಯಬಲ್ಲದು.

ಹೆಜ್ಜೆ 6: ತೆಳ್ಳಗಿರಲಿ, ಅವಸರಿಸಬೇಡಿ

ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ಮರಿಯನ್ನು ತೂಗಿ ಬರೆದಿಡಿ. ಬೆಳೆದ ನಾಯಿಯ ಕೊನೆಯ ಎರಡು-ಮೂರು ಪಕ್ಕೆಲುಬು ನಸುವಾಗಿ ಕಾಣುವುದು, ಸೊಂಟದ ಎಲುಬಿನ ತುದಿ ಕೈಗೆ ತಾಗುವುದು ಈ ತಳಿಯಲ್ಲಿ ಆರೋಗ್ಯದ ಗುರುತು. ಮನೆಗೆ ಬಂದವರೆಲ್ಲ "ನಾಯಿಗೆ ಊಟ ಹಾಕೋದಿಲ್ಲೇನ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಆ ಮಾತಿಗೆ ಅಳುಕಿ ಬಟ್ಟಲು ತುಂಬಿಸಿದರೆ, ಹೆಚ್ಚಿದ ತೂಕವೆಲ್ಲ ಇನ್ನೂ ಗಟ್ಟಿಯಾಗದ ಕೀಲುಗಳ ಮೇಲೆ ಬೀಳುತ್ತದೆ.

ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಊಟದ ನಂತರ ಎರಡು ಗಂಟೆ ಓಟ ಬೇಡ. ಆಳವಾದ ಎದೆಯ ನಾಯಿಗಳಲ್ಲಿ ಜಠರ ಗಾಳಿತುಂಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಒದ್ದಾಡುತ್ತಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳ ಪರಿಣಾಮ ಬೇಗ ಇಳಿಯುವುದಿಲ್ಲ ಎಂಬುದನ್ನೂ ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರೊಂದಿಗೆ ಮಾತಾಡಿ.

ಒಂದು ವರ್ಷದವರೆಗೆ ಮರಿ ತಾನಾಗಿ ಆಡಿದಷ್ಟು ಆಡಲಿ, ದಣಿದಾಗ ಮಲಗಲಿ. ಬೈಕಿನ ಹಿಂದೆ ಓಡಿಸುವ ಕೆಟ್ಟ ರೂಢಿಯನ್ನು ದಯವಿಟ್ಟು ಬಿಡಿ. ವರ್ಷ ತುಂಬಿದ ಮೇಲೆ ಎಳೆಯುವ ಬಟ್ಟೆಯ ಹಿಂದೆ ನೂರು ಮೀಟರ್‌ನಿಂದ ಆರಂಭಿಸಿ, ವಾರಕ್ಕೆರಡು ಸಲದಂತೆ, ಹದಿನೆಂಟು ತಿಂಗಳ ಹೊತ್ತಿಗೆ ಪೂರ್ಣ ಓಟಕ್ಕೆ ಬನ್ನಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಓಟ ಮುಗಿದ ಕೂಡಲೇ ಬಟ್ಟಲು ತುಂಬ ನೀರಿಡದೆ, ಏದುಸಿರು ಇಳಿಯುವವರೆಗೆ ನಡೆಸಿ, ಗುಟುಕು ಗುಟುಕಾಗಿ ಕುಡಿಸಿ; ಆಮೇಲೆ ನಾಲ್ಕೂ ಪಾದಗಳನ್ನು ಎತ್ತಿ, ಬೆರಳ ಸಂದಿಯಲ್ಲಿ ಮುಳ್ಳು ಸೇರಿದೆಯೇ, ಅಂಗಾಲು ಸೀಳಿದೆಯೇ ಎಂದು ನೋಡಿ.