ಬೆಸ್ಸಿಯೊಡನೆ ಕಾಲುವೆ ದಂಡೆಯಲ್ಲಿ 127 ಮೈಲಿ

ಇಂಗ್ಲೆಂಡಿನ ಶಿಪ್ಲಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಾಗ, ಅವರ ಲ್ಯಾಬ್ರಡಾರ್ ಬೆಸ್ಸಿಯನ್ನು ಎರಡು ಹೊತ್ತು ತಿರುಗಾಡಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಅವರನ್ನು ನೋಡಲು, ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಮ್ಯಾಕ್‌ಮಿಲನ್ ಎಂಬ ಸೇವಾಸಂಸ್ಥೆಯ ನರ್ಸ್ ಒಬ್ಬರು ಬರುತ್ತಿದ್ದರು. ನೋವಿನ ಔಷಧದ ಪ್ರಮಾಣವನ್ನು ಸರಿಪಡಿಸಿದ ಮೇಲೂ ಅವರು ಕುರ್ಚಿ ಎಳೆದುಕೊಂಡು ಕೂತು, ‘ನಿಮ್ಮ ನಂತರ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅಜ್ಜಿ ಬಾಯಲ್ಲಿ ಏನೂ ಹೇಳದೆ ನನ್ನ ಕಡೆ ನೋಡಿದರು. ಬೆಸ್ಸಿ ನಮ್ಮ ಮನೆಗೆ ಬಂದದ್ದು ಹಾಗೆ.

ಮರುವರ್ಷ ಮ್ಯಾಕ್‌ಮಿಲನ್ ಸಂಸ್ಥೆಗಾಗಿ ಹಣ ಕೂಡಿಸಬೇಕೆಂದು ನಿಶ್ಚಯಿಸಿದಾಗ ದಾರಿಯನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. ಬೆಸ್ಸಿ ದಿನವೂ ಓಡಾಡುವ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ದಂಡೆಯೇ ಇತ್ತು. 1770ರಲ್ಲಿ ಆರಂಭಿಸಿ 1816ರಲ್ಲಿ ಮುಗಿಸಿದ ಈ ಕಾಲುವೆಯ ಉದ್ದ 127 ಮೈಲಿ. ಹಿಂದೆ ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ದಾರಿಯಾದ್ದರಿಂದ ಏರಿಳಿತ ಕಡಿಮೆ, ವಯಸ್ಸಾಗುತ್ತಿರುವ ನಾಯಿಯ ಕೀಲುಗಳಿಗೆ ಒಳ್ಳೆಯದು. ಬೆಸ್ಸಿಗೆ ಆಗ ಎಂಟು ವರ್ಷ. ಒಂದೇ ಉಸಿರಿಗೆ ನಡೆದು ಮುಗಿಸುವ ಆಸೆಯನ್ನು ಪಶುವೈದ್ಯರ ಮಾತು ಕೇಳಿ ಕೈಬಿಟ್ಟೆ. ದಿನಕ್ಕೆ ಎಂಟು–ಹತ್ತು ಮೈಲಿಗೆ ಮೀರದಂತೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬಿಡುವಿದ್ದ ಶನಿವಾರಗಳಲ್ಲಿ ನಡೆಯುವುದೆಂದು ಗೊತ್ತುಮಾಡಿಕೊಂಡೆ. ಲೀಡ್ಸ್‌ನಿಂದ ಸ್ಕಿಪ್ಟನ್ನಿನವರೆಗೆ ರೈಲುಹಳಿ ಕಾಲುವೆಯ ಜೊತೆಜೊತೆಗೇ ಸಾಗುವುದರಿಂದ ನಿಲ್ಲಿಸಿದಲ್ಲಿಂದ ಮನೆಗೆ ಬಂದು ಮುಂದಿನ ವಾರ ಅಲ್ಲಿಂದಲೇ ಹೊರಡಬಹುದಿತ್ತು, ನಾಯಿಗೆ ಟಿಕೆಟ್ ಕೂಡ ಬೇಕಿಲ್ಲ. ಆದರೆ ಸ್ಕಿಪ್ಟನ್–ಕೋಲ್ನ್ ನಡುವಿನ ಹಳಿಯನ್ನು 1970ರಲ್ಲೇ ಮುಚ್ಚಿರುವುದರಿಂದ ಆ ಭಾಗಕ್ಕೆ ಸ್ನೇಹಿತರ ಕಾರನ್ನೇ ನೆಚ್ಚಬೇಕಾಯಿತು.

ಹಣದ ವಿಷಯದಲ್ಲಿ ಮೊದಲ ತಿಂಗಳು ನಾನು ತಪ್ಪು ದಾರಿ ಹಿಡಿದಿದ್ದೆ. ದೇಣಿಗೆ ಕೂಡಿಸುವ ಜಸ್ಟ್‌ಗಿವಿಂಗ್ ಜಾಲತಾಣದಲ್ಲಿ ಪುಟ ತೆರೆದು, ಅದರ ಕೊಂಡಿಯನ್ನು ಪರಿಚಯದವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಸುಮ್ಮನೆ ಕಾದೆ. ಹತ್ತಿರದವರು ಕೊಟ್ಟ ಮೇಲೆ ಮೊತ್ತ ಅಲ್ಲಿಗೇ ನಿಂತಿತು. ಸಾರ್ವಜನಿಕ ಜಾಗದಲ್ಲಿ ಡಬ್ಬಿ ಹಿಡಿದು ಹಣ ಎತ್ತುವುದಕ್ಕೆ ಸ್ಥಳೀಯ ಕೌನ್ಸಿಲಿನ ಪರವಾನಗಿ ಬೇಕಾಗುತ್ತದೆ, ಹಾಗಾಗಿ ಅದನ್ನು ಮಾಡಲಿಲ್ಲ. ಅದರ ಬದಲು ಪುಟದ ಕ್ಯೂಆರ್ ಕೋಡ್ ಅಚ್ಚಾದ ಸಣ್ಣ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು, ಬೆಸ್ಸಿಯ ಕೊರಳಿಗೆ ಸಂಸ್ಥೆಯ ಹೆಸರಿದ್ದ ಹಸಿರು ವಸ್ತ್ರ ಕಟ್ಟಿದೆ.

ಬಿಂಗ್ಲಿಯ ಐದು ಮೆಟ್ಟಿಲಿನ ಲಾಕ್ ಬಳಿ ಇದರ ಫಲ ಕಂಡಿತು. ದೋಣಿಗಳನ್ನು ಐದು ತೊಟ್ಟಿಗಳಲ್ಲಿ ಸುಮಾರು 18 ಮೀಟರ್ ಎತ್ತರಕ್ಕೆ ಏರಿಸುವ, 1774ರಲ್ಲಿ ತೆರೆದ ಈ ಲಾಕನ್ನು ನೋಡಲು ಜನ ನಿಂತೇ ಇರುತ್ತಾರೆ. ನಾವೂ ನಿಂತೆವು. ಒಬ್ಬ ಹಿರಿಯರು ಮಂಡಿಯೂರಿ ಬೆಸ್ಸಿಯ ಕಿವಿಯ ಹಿಂಭಾಗವನ್ನು ಬಹಳ ಹೊತ್ತು ಸವರುತ್ತ, ತಲೆ ಎತ್ತದೆ, ತಮ್ಮ ಹೆಂಡತಿಗೂ ಅದೇ ಕಾಯಿಲೆ ಇತ್ತೆಂದು ಹೇಳಿದರು. ನಾನು ಚೀಟಿಯನ್ನು ಜೇಬಿನಿಂದ ತೆಗೆಯಲಿಲ್ಲ. ಅವರೇ ಕೇಳಿ ಪಡೆದುಕೊಂಡರು. ಅಂದಿನಿಂದ ಮೈಲಿ ಲೆಕ್ಕಕ್ಕಿಂತ ನಿಲ್ಲುವ ಹೊತ್ತಿಗೇ ಹೆಚ್ಚು ಸಮಯವಿಟ್ಟುಕೊಂಡೆ. ಮನುಷ್ಯರ ಮುಖ ನೋಡಿ ಹೇಳಲಾಗದ್ದನ್ನು ಜನ ನಾಯಿಯ ತಲೆ ನೇವರಿಸುತ್ತ ಹೇಳುತ್ತಾರೆ, ಅದನ್ನು ಕೇಳಿಸಿಕೊಳ್ಳುವುದೂ ಈ ಕೆಲಸದ ಭಾಗ ಎಂದು ನಾನು ಮನಸಾರೆ ನಂಬುತ್ತೇನೆ.

ಕೊಡುವವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು. ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಡಗ್ಲಸ್ ಮ್ಯಾಕ್‌ಮಿಲನ್ 1911ರಲ್ಲಿ ಕಟ್ಟಿದ ಸಂಸ್ಥೆ ಇದೆಂಬುದನ್ನೂ, ನರ್ಸ್ ಹುದ್ದೆಗಳಿಗೆ ಸಂಸ್ಥೆಯು ಮೊದಲ ಕೆಲವು ವರ್ಷ ಹಣ ಕೊಟ್ಟು ನಂತರ ಸಾಮಾನ್ಯವಾಗಿ ಸರ್ಕಾರಿ ಆರೋಗ್ಯ ಸೇವೆಗೆ ವಹಿಸುತ್ತದೆಂಬುದನ್ನೂ ಹೇಳುತ್ತಿದ್ದೆ. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಚೌಕಕ್ಕೆ ಗುರುತು ಹಾಕಿದರೆ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ನಿ ಸೇರುತ್ತದೆ, ಅದನ್ನು ನೆನಪಿಸಲು ಮರೆಯಬಾರದು. ಬೆಂಗಳೂರಿನ ನಂಟರು ತಾವೂ ಕಳಿಸುತ್ತೇವೆ ಎಂದಾಗ, ನಮ್ಮ ದೊಡ್ಡಮ್ಮನಿಗೆ ಚಿಕಿತ್ಸೆ ಕೊಟ್ಟ ಕಿದ್ವಾಯಿ ಸಂಸ್ಥೆಗೇ ಕೊಡಿ ಎಂದು ಕೇಳಿಕೊಂಡೆ.

ಬೇಸಿಗೆಯಲ್ಲಿ ಕಾಲುವೆಯ ನಿಂತ ನೀರಿನಲ್ಲಿ ಬೆಳೆಯುವ ನೀಲಿ–ಹಸಿರು ಪಾಚಿ ನಾಯಿಗಳ ಪ್ರಾಣಕ್ಕೇ ಅಪಾಯ, ಆದ್ದರಿಂದ ಎರಡು ಲೀಟರ್ ನೀರನ್ನೂ ಮಡಚುವ ಬಟ್ಟಲನ್ನೂ ಯಾವಾಗಲೂ ಹೊತ್ತೆ. ಹಂಸಗಳು ಮರಿ ಮಾಡಿಕೊಂಡಿರುವ ಕಡೆ, ಸೈಕಲ್ಲುಗಳು ಬರುವ ಕಡೆ ಹಗ್ಗವನ್ನು ಗಿಡ್ಡ ಹಿಡಿದೆ. ಇಷ್ಟೆಲ್ಲ ಮಾಡಿಯೂ ಬರ್ನ್ಲಿಯ ಹತ್ತಿರ ಒಡೆದ ಗಾಜು ಬೆಸ್ಸಿಯ ಮುಂಗಾಲಿನ ಮೆತ್ತೆಯನ್ನು ಸೀಳಿತು. ಅದು ಕುಂಟದೆ ಬಾಲ ಅಲ್ಲಾಡಿಸುತ್ತಲೇ ಬರುತ್ತಿದ್ದುದರಿಂದ, ಕಲ್ಲಿನ ಮೇಲೆ ರಕ್ತದ ಹೆಜ್ಜೆ ಕಾಣುವವರೆಗೂ ನನಗೆ ತಿಳಿಯಲಿಲ್ಲ. ಗಂಟೆಗೊಮ್ಮೆ ಪಾದ ಎತ್ತಿ ನೋಡುವ ಅಭ್ಯಾಸವನ್ನು ನಾನು ಮೊದಲೇ ಮಾಡಿಕೊಳ್ಳಬೇಕಿತ್ತು. ಮೂರು ವಾರ ನಡಿಗೆ ನಿಲ್ಲಿಸಿ, ಕಾರಣವನ್ನು ಪುಟದಲ್ಲಿ ಇದ್ದದ್ದು ಇದ್ದಂತೆ ಬರೆದೆ. ‘ಅವಸರ ಬೇಡ, ಅದು ಗುಣವಾಗಲಿ’ ಎಂದು ಬರೆದು ಗುರುತಿಲ್ಲದವರೂ ಆಗ ಹಣ ಕೊಟ್ಟರು.

ಬೆಸ್ಸಿಯ ಹಿಗ್ಗು ಕೋಲ್ನ್ ಹತ್ತಿರದ ಫೌಲ್‌ರಿಜ್ ಸುರಂಗದ ಮೇಲಿನ ಹಾದಿಯಲ್ಲಿ ಹೆಚ್ಚಾಗಿತ್ತು. 1912ರಲ್ಲಿ ಕಾಲುವೆಗೆ ಬಿದ್ದ ಬಟರ್‌ಕಪ್ ಎಂಬ ಹಸು ಈ 1,640 ಗಜದ ಸುರಂಗವನ್ನು ಈಜಿ ದಾಟಿ ಬದುಕಿತ್ತು. ಊರಿನವರು ಅದಕ್ಕೆ ಬ್ರಾಂದಿ ಕುಡಿಸಿ ಚೇತರಿಸಿದರೆಂದು ಇಂದಿಗೂ ಹೇಳುತ್ತಾರೆ.

ವಿಗನ್‌ನ 21 ಲಾಕ್‌ಗಳನ್ನು ಇಳಿದು, ಸೆಪ್ಟೆಂಬರಿನ ಒಂದು ಶನಿವಾರ ಲಿವರ್‌ಪೂಲ್ ತಲುಪಿದೆವು. ಆ ಹೊತ್ತಿಗೆ 1,860 ಪೌಂಡ್ ಕೂಡಿತ್ತು, ಗಿಫ್ಟ್ ಏಡ್ ಅದರ ಮೇಲೆ. ವಾಪಸು ಬರುವ ರೈಲಿನಲ್ಲಿ ಬೆಸ್ಸಿ ನಡುದಾರಿಗೆ ಕಾಲು ಚಾಚಿ ಮಲಗಿತ್ತು. ಹಡರ್ಸ್‌ಫೀಲ್ಡಿನಲ್ಲಿ ಇಳಿಯಲು ಎದ್ದ ಹುಡುಗಿಯೊಬ್ಬಳು ಅದನ್ನು ಎಬ್ಬಿಸದಂತೆ ಮೆಲ್ಲಗೆ ದಾಟಿ, ಕೊರಳಿನ ವಸ್ತ್ರವನ್ನು ಓದಿ, ನನ್ನ ಕೈಯಿಂದ ಕೊನೆಯ ಚೀಟಿಯನ್ನು ತೆಗೆದುಕೊಂಡಳು.