ಅಮೆರಿಕಾಕ್ಕೆ ಹೊರಟ ಮಕ್ಕಳಿಗೆ ಮೊದಲ ಕ್ರೆಡಿಟ್ ಕಾರ್ಡ್: ನನ್ನ ಅನುಭವ

ಡಲ್ಲಾಸ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ತುಮಕೂರಿಗೆ ವಾಪಸ್ ಬಂದೆ. ಆಮೇಲಿಂದ ಎಂಎಸ್ ಓದಲು ಅಮೆರಿಕಾಕ್ಕೆ ಹೊರಟ ಹುಡುಗ ಹುಡುಗಿಯರು ಮನೆಗೆ ಬಂದು ವಿಚಾರಿಸುತ್ತಾರೆ. ಗುಬ್ಬಿ, ಶಿರಾ, ತಿಪಟೂರು ಕಡೆಯವರು ಜಾಸ್ತಿ. ವೀಸಾ, ಟಿಕೆಟ್, ಲಗೇಜ್ ತೂಕ ಎಲ್ಲಾ ಗೊತ್ತಿರುತ್ತದೆ. ಸಾಲ ಎಷ್ಟು ಸರಿಯಾಗಿ ತೀರಿಸುತ್ತೀರಿ ಅಂತ ತೋರಿಸುವ ಅಂಕ, ಅಂದರೆ ಕ್ರೆಡಿಟ್ ಸ್ಕೋರ್ ಬಗ್ಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಅಲ್ಲಿ ಬಾಡಿಗೆ ಮನೆ ಕೊಡುವವರೂ ಅದನ್ನು ನೋಡುತ್ತಾರೆ.

"ಅಕ್ಕಾ, ನನ್ನ ಸಿಬಿಲ್ ಸ್ಕೋರ್ ಚೆನ್ನಾಗಿದೆ" ಅಂತಾರೆ. ಅದು ನಮ್ಮ ದೇಶದ ಸ್ಕೋರ್, ತಾನಾಗಿ ಅಲ್ಲಿಗೆ ಬರುವುದಿಲ್ಲ. ಅಲ್ಲಿ ನಡೆಯುವುದು ಫೈಕೊ ಸ್ಕೋರ್, 300ರಿಂದ 850ರವರೆಗೆ. ಕ್ರೆಡಿಟ್ ಕಾರ್ಡ್‌ನಂಥ ಸಾಲದ ಖಾತೆ ತೆರೆದು ಕನಿಷ್ಠ 6 ತಿಂಗಳಾಗುವವರೆಗೆ ಆ ಸ್ಕೋರೇ ಹುಟ್ಟುವುದಿಲ್ಲ. ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ.

ಅಪ್ಪ ಅಮ್ಮಂದಿರೂ ಜೊತೆಗೆ ಬರಲಿ ಅಂತ ನಾನೇ ಹೇಳುತ್ತೇನೆ. ತಿಪಟೂರಿನ ಕೊಬ್ಬರಿ ಬೆಳೆಗಾರರೊಬ್ಬರು ಬಂದವರೇ, "ಎಜುಕೇಶನ್ ಲೋನೇ ಕುತ್ತಿಗೆಗೆ ಬಂದಿದೆ ಕಣಮ್ಮ, ಸಾಲದ ಕಾರ್ಡ್ ಬೇರೆ ಬೇಡ" ಅಂದರು. ಮಾದರಿ ಸ್ಟೇಟ್‌ಮೆಂಟ್ ಒಂದನ್ನು ಮೇಜಿನ ಮೇಲಿಟ್ಟೆ. ಒಟ್ಟು ಬಾಕಿ 212 ಡಾಲರ್, ಕನಿಷ್ಠ ಪಾವತಿ 35 ಡಾಲರ್. "ಎಷ್ಟು ಕಟ್ಟಬೇಕು?" ಅಂತ ಮಗನನ್ನು ಕೇಳಿದೆ. 35 ಅಂದ. 35 ಕಟ್ಟಿದರೆ ತಡ ಮಾಡಿದ ಹಾಗೆ ಆಗುವುದಿಲ್ಲ, ನಿಜ. ಆದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಶೇಕಡ 20ಕ್ಕೂ ಮೇಲೆ. ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. "ಪೂರ್ತಿ ಕಟ್ಟಿದ್ರೆ?" ಅಂದರು ಅಪ್ಪ. ಒಂದು ಪೈಸೆ ಬಡ್ಡಿ ಇಲ್ಲ ಅಂದೆ. ಮಂಡಿ ವ್ಯವಹಾರ ಮಾಡಿದವರು, ಅಷ್ಟು ಸಾಕಾಯಿತು. ಆಮೇಲೆ ಮಗನಿಗೆ ಅವರೇ ಬಿಡಿಸಿ ಹೇಳಿದರು.

ಸ್ವಲ್ಪ ಬಾಕಿ ಉಳಿಸಿದರೆ ಸ್ಕೋರ್ ಏರುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಾರೆ. ದಯವಿಟ್ಟು ನಂಬಬೇಡಿ. ಸುಮ್ನೆ ಬಡ್ಡಿ ದಂಡ.

ಎರಡು ತಾರೀಖು ನೆನಪಿರಲಿ. ಸ್ಟೇಟ್‌ಮೆಂಟ್ ಮುಗಿಯುವ ದಿನ ಒಂದು, ಕಟ್ಟಲು ಕೊನೆಯ ದಿನ ಇನ್ನೊಂದು. ನಡುವೆ ಕನಿಷ್ಠ 21 ದಿನ ಇರುತ್ತದೆ. ನಮ್ಮ ಸಾಲದ ರಿಪೋರ್ಟ್ ಇಡುವ ಕ್ರೆಡಿಟ್ ಬ್ಯೂರೋಗಳಿಗೆ ಹೋಗುವುದು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ಮುಗಿಯುವ ದಿನದ ಬಾಕಿ. ಹಾಗಾಗಿ 500 ಡಾಲರ್ ಲಿಮಿಟ್ ಇದ್ದರೆ ಆ ದಿನ 150ರೊಳಗಿರಲಿ, 50ರೊಳಗಿದ್ದರೆ ಇನ್ನೂ ಒಳ್ಳೆಯದು. ಪೂರ್ತಿ ಬಾಕಿಗೆ ಆಟೋ ಪೇ ಹಾಕಿಬಿಡಿ. 30 ದಿನ ತಡವಾದರೆ ಆ ಕಲೆ ರಿಪೋರ್ಟ್‌ನಲ್ಲಿ 7 ವರ್ಷ ಉಳಿಯುತ್ತದೆ.

ಕಾರ್ಡ್ ಆರಿಸುವಾಗ ಎಲ್ಲರೂ ಕ್ಯಾಶ್‌ಬ್ಯಾಕ್ ನೋಡುತ್ತಾರೆ. ನಾನು ನೋಡುವುದು ವಾರ್ಷಿಕ ಶುಲ್ಕ ಇಲ್ಲ ತಾನೇ, ಮೂರೂ ಬ್ಯೂರೋಗಳಿಗೆ ವರದಿ ಹೋಗುತ್ತದಾ, ಇಷ್ಟೇ. ಸ್ಟೂಡೆಂಟ್ ಕಾರ್ಡ್ ಸಿಗದಿದ್ದರೆ ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ತಗೊಳ್ಳಿ. ಹೆಚ್ಚಾಗಿ 200 ಡಾಲರ್ ಠೇವಣಿ ಕೇಳುತ್ತಾರೆ. ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದರೆ ಅಲ್ಲಿನ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಮಾಡಿಸಿಕೊಳ್ಳಬಹುದು. ಅದಿಲ್ಲದೆಯೂ ಪಾಸ್‌ಪೋರ್ಟ್, ಕಾಲೇಜು ಕೊಡುವ ಐ-20 ಪತ್ರ ನೋಡಿ ಕಾರ್ಡ್ ಕೊಡುವ ಬ್ಯಾಂಕ್‌ಗಳಿವೆ. ಶಾಖೆಗೇ ಹೋಗಿ ಕೇಳಿ. ನಂಬರ್ ಬಂದ ತಕ್ಷಣ ಬ್ಯಾಂಕ್‌ಗೆ ತಿಳಿಸಿ. ಒಂದೇ ವಾರ ನಾಲ್ಕೈದು ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಬ್ಯಾಂಕ್ ಮಾಡುವ ವಿಚಾರಣೆ ರಿಪೋರ್ಟ್‌ನಲ್ಲಿ 2 ವರ್ಷ ಕಾಣುತ್ತದೆ. ರಜೆಗೆ ಊರಿಗೆ ಬಂದಾಗ ಇಲ್ಲಿ ಕಾರ್ಡ್ ಉಜ್ಜುವ ಮುಂಚೆ ವಿದೇಶಿ ಶುಲ್ಕ ನೋಡಿ. ಬಹಳಷ್ಟು ಕಾರ್ಡ್‌ಗಳಲ್ಲಿ ಸುಮಾರು ಶೇಕಡ 3 ಇರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೆಸರಿನದು. ನಮ್ಮಲ್ಲಿ ಹಲವರಿಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಬರುತ್ತದೆ. ಬ್ಯಾಂಕಿನಲ್ಲಿ ಒಂದು ಥರ, ಕಾರ್ಡಿನಲ್ಲಿ ಇನ್ನೊಂದು ಥರ ಬರೆಸಿದರೆ ಕ್ರೆಡಿಟ್ ಫೈಲ್ ಎರಡಾಗಬಹುದು. ಹೊರಡುವ ಮುಂಚೆಯೇ ಪಾಸ್‌ಪೋರ್ಟ್‌ನ ಸರ್‌ನೇಮ್ ಸರಿಮಾಡಿಸಿಕೊಳ್ಳಿ ಅಂತ ನಾನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ.