ಮೊದಲು ಗಾಡಿ, ಆಮೇಲೆ ದುಡ್ಡು: ನನ್ನ ಅನುಭವ

ವೀಲ್‌ಚೇರ್‌ನಲ್ಲಿ ಓಡಾಡುವವರು ಗಾಡಿಗೆ ದುಡ್ಡು ಕೂಡಿಸಬೇಕು ಅಂತಿದ್ದರೆ, ಯಾವ ಗಾಡಿ ಅನ್ನೋದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಯಾಕೆಂದರೆ ಸಹಾಯ ಮಾಡುವವರ ಮನಸ್ಸಿನಲ್ಲಿ ಆಗಲೇ ಒಂದು ಗಾಡಿ ಇರುತ್ತದೆ. ನಮ್ಮ ಕಡೆ ಅದು ಹಿಂದೆ ಎರಡು ಚಕ್ರ ಹೆಚ್ಚಿಗೆ ಕೂರಿಸಿದ ಸ್ಕೂಟರ್. ರಾಜ್ಯದ ವಿಕಲಚೇತನರ ಇಲಾಖೆ ಅದನ್ನು ಕೊಡುತ್ತದೆ, ಶಾಸಕರ ಅನುದಾನದಲ್ಲೂ ಸಿಗುತ್ತದೆ. ಪೋಲಿಯೋ ಆಗಿ, ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲವರಿಗೆ ಅದು ತುಂಬಾ ಒಳ್ಳೆಯ ಗಾಡಿ. ನನಗೆ ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದ ಕೆಳಗೆ ಬಲವಿಲ್ಲ. ಹೇಗೋ ಸ್ಕೂಟರ್ ಹತ್ತಿ ಆಫೀಸಿಗೆ ಹೋದೆ ಅಂತಲೇ ಇಟ್ಟುಕೊಳ್ಳಿ. ವೀಲ್‌ಚೇರ್ ಮನೆಯಲ್ಲೇ ಉಳಿಯುತ್ತದೆ ಅಲ್ವಾ? ಇಳಿದು ಕೂರುವುದು ಎಲ್ಲಿ?

ನನ್ನ ಮನೆ ಹರಿಹರದಲ್ಲಿ. ಕೆಲಸ ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ. ನಡುವೆ ಸುಮಾರು 14 ಕಿ.ಮೀ. ದಾರಿ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಬೋಲ್ಟ್ ಮೇಲೆ ನನಗೆ ತುಂಬಾ ಆಸೆ ಇತ್ತು. ಅವರದೇ ವೀಲ್‌ಚೇರ್‌ನ ಮುಂದೆ ಅದನ್ನು ಕೊಂಡಿ ಹಾಕಿದರೆ ಬ್ಯಾಟರಿ ಗಾಡಿ ಆಗುತ್ತದೆ. 2021ರಲ್ಲಿ ಬಂದಾಗ ಬೆಲೆ 55,000 ರೂ. ಇತ್ತು. ಒಂದು ಚಾರ್ಜಿಗೆ 25 ಕಿ.ಮೀ. ತನಕ ಓಡುತ್ತದೆ. ಪೇಟೆಯೊಳಗೆ ಓಡಾಡುವವರಿಗೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ನನಗೆ ಹೋಗಿ ಬರುವುದೇ 28 ಕಿ.ಮೀ., ಅದೂ ಲಾರಿಗಳ ಪಕ್ಕದಲ್ಲಿ, ಮಳೆಯಲ್ಲೂ. ಹಾಗಾಗಿ ಕಾರೇ ಬೇಕಾಯಿತು.

ವ್ಯಾಗನ್‌ಆರ್ ಆರಿಸಿಕೊಂಡೆ, ಕ್ಲಚ್ ಇಲ್ಲದ ಎಜಿಎಸ್ ಮಾಡೆಲ್. ಅದರ ಸೀಟು ವೀಲ್‌ಚೇರ್‌ನ ಎತ್ತರಕ್ಕೆ ಹತ್ತಿರ ಇದೆ, ಬಾಗಿಲು ಅಗಲ ತೆರೆಯುತ್ತದೆ. ಕೈಯೂರಿ ಜಾರಿಕೊಂಡು ಒಳಗೆ ಹೋಗಬಹುದು. ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಒಂದೇ ಲಿವರ್‌ನಿಂದ ನಡೆಸುವ ಕೈ ಕಂಟ್ರೋಲ್ ಕಿಟ್ ಬೇರೆ ಕೊಳ್ಳಬೇಕು. ಇನ್ನೊಂದು ಖರ್ಚನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಹಳೆಯ ಸ್ಟೀಲ್ ವೀಲ್‌ಚೇರನ್ನು ಡ್ರೈವರ್ ಸೀಟಿನಲ್ಲಿ ಕೂತು ಒಬ್ಬಳೇ ಎತ್ತಿಕೊಳ್ಳೋಕೆ ಆಗುವುದಿಲ್ಲ. ಚಕ್ರ ಕಳಚುವ ಹಗುರ ವೀಲ್‌ಚೇರ್ ಇಲ್ಲದಿದ್ದರೆ ಪ್ರತಿಸಲ ಚೇರ್ ಎತ್ತಿಡುವವರನ್ನು ಹುಡುಕಬೇಕು. ಹಾಗಾದರೆ ಸ್ವಂತ ಕಾರು ಇದ್ದೂ ಏನು ಉಪಯೋಗ? ವೀಲ್‌ಚೇರನ್ನೂ ಗಾಡಿಯ ಖರ್ಚಿನಲ್ಲೇ ಸೇರಿಸಿದೆ.

ದುಡ್ಡು ಕೇಳುವ ಮುಂಚೆ ಬೆಲೆ ಎಷ್ಟು ಇಳಿಯುತ್ತದೆ ಅಂತ ನೋಡಿದೆ. ನಾನು ಕೊಂಡದ್ದು 2024ರಲ್ಲಿ. ಆಗ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 28, ಮೇಲೆ ಶೇ 1 ಸೆಸ್. ಕೈಕಾಲಿನ ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಇದ್ದವರು ಭಾರೀ ಕೈಗಾರಿಕಾ ಸಚಿವಾಲಯದ ಪ್ರಮಾಣಪತ್ರ ತಂದರೆ ಶೇ 18 ಮಾತ್ರ. ಕಾರು 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟಬಾರದು, ಐದು ವರ್ಷ ಮಾರಬಾರದು. ನನಗೆ ಅರ್ಧ ಲಕ್ಷಕ್ಕಿಂತ ಜಾಸ್ತಿ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಎಲ್ಲರಿಗೂ ಶೇ 18 ಆಗಿದೆ. ಅಂದರೆ ಈಗ ಕೊಳ್ಳುವವರಿಗೆ ಆ ದರಕ್ಕಾಗಿ ಪ್ರಮಾಣಪತ್ರದ ಓಡಾಟ ಬೇಡ. ಆದರೆ ನಮಗೆ ಅಂತ ಇದ್ದ ವ್ಯತ್ಯಾಸವೂ ಹೋಯಿತು, ಅದು ನನಗೆ ಬೇಸರದ ಸಂಗತಿ.

ಕಾರಿನ ಬೆಲೆಯ ಹೆಚ್ಚಿನ ಪಾಲಿಗೆ ಸಾಲ ಮಾಡಿದೆ. ಸಂಬಳ ಬರುವವಳು ನಾನು, ಕಂತು ಕಟ್ಟಬಲ್ಲೆ. ಮೊದಲು ಹೋದ ಬ್ಯಾಂಕಿನಲ್ಲಿ ನನ್ನ ಸಂಬಳದ ಚೀಟಿ ನೋಡುವ ಮುಂಚೆಯೇ "ಮನೆಯವರು ಯಾರಾದರೂ ಬರಲಿ" ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ನಮಗೆ ಬೇರೆಯವರಷ್ಟೇ ಸಮವಾಗಿ ಬ್ಯಾಂಕ್ ಸಾಲ ಪಡೆಯುವ ಹಕ್ಕಿದೆ ಎನ್ನುತ್ತದೆ. ಅದನ್ನು ಪ್ರಿಂಟ್ ಮಾಡಿ ಅರ್ಜಿಯ ಜೊತೆ ಇಟ್ಟು ಇನ್ನೊಂದು ಬ್ಯಾಂಕಿಗೆ ಕೊಟ್ಟೆ. ಅಲ್ಲಿ ಸಾಲ ಸಿಕ್ಕಿತು.

ಜನರ ಹತ್ತಿರ ಕೇಳಬೇಕಾಗಿದ್ದು ಕಿಟ್‌ಗೆ, ವೀಲ್‌ಚೇರ್‌ಗೆ, ಮುಂಗಡದಲ್ಲಿ ಕಡಿಮೆ ಬಿದ್ದ ಮೊತ್ತಕ್ಕೆ ಮಾತ್ರ. ಒಟ್ಟು ಎರಡು ಲಕ್ಷದ ಆಸುಪಾಸು. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೀಗೆ ಬರೆದೆ: "ನಾನು ದಿನಾ ದಾವಣಗೆರೆಗೆ ಕೆಲಸಕ್ಕೆ ಹೋಗುತ್ತೇನೆ. ಕಾರಿಗೆ ಸಾಲ ಸಿಕ್ಕಿದೆ, ಕಂತು ನಾನೇ ಕಟ್ಟುತ್ತೇನೆ. ಕಾಲು ಬಳಸದೆ ಕಾರು ನಡೆಸುವ ಕಿಟ್ ಮತ್ತು ಕಾರಿನೊಳಗೆ ಎತ್ತಿಡಬಹುದಾದ ವೀಲ್‌ಚೇರ್‌ಗೆ ಸಹಾಯ ಬೇಕು. ಕೊಟೇಷನ್ ಜೊತೆಗಿದೆ. ದುಡ್ಡು ನನ್ನ ಕೈಗೆ ಬರುವುದಿಲ್ಲ, ಮಾರುವವರಿಗೆ ನೇರ ಹೋಗುತ್ತದೆ." ಒಬ್ಬ ಮೇಷ್ಟ್ರು ಫೋನ್ ಮಾಡಿ, "ಆಸ್ಪತ್ರೆಯಲ್ಲಿದ್ದಾಗಿನ ಫೋಟೋ ಇದ್ರೆ ಹಾಕಮ್ಮ, ಜನರ ಮನಸ್ಸು ಕರಗುತ್ತೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು. "ಬೇಡ ಸಾರ್, ನಾನು ಕೆಲಸಕ್ಕೆ ಹೋಗೋಕೆ ಕೇಳ್ತಿದ್ದೀನಿ" ಅಂದೆ. ಕೊಟೇಷನ್ ನೋಡಿದವರು ತಾವಾಗಿಯೇ "ಕಿಟ್‌ನಲ್ಲಿ ಅರ್ಧ ನನ್ನದು", "ವೀಲ್‌ಚೇರ್ ಮೆತ್ತೆಯ ದುಡ್ಡು ನಾನು ಕೊಡ್ತೀನಿ" ಅಂತ ಪಾಲು ಹಂಚಿಕೊಂಡರು. ಬರೀ ಒಟ್ಟು ಮೊತ್ತ ಕೇಳಿದ್ದರೆ ಹಾಗೆ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ದುಡ್ಡು ಯಾರ ಖಾತೆಗೆ ಬೀಳಬೇಕು ಅನ್ನೋದು ದೊಡ್ಡ ವಿಷಯ. ಆಡಿಟರ್ ಆಫೀಸಿನಲ್ಲಿ ಇರುವುದರಿಂದ ನನಗೆ ಇದು ಗೊತ್ತಿತ್ತು. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಉಡುಗೊರೆಯ ಹಣ 50,000 ರೂ. ದಾಟಿದರೆ, ಅಷ್ಟೂ ಹಣ ನಮ್ಮ ಆದಾಯಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅಣ್ಣ, ತಂಗಿ, ಸೋದರಮಾವ, ಚಿಕ್ಕಪ್ಪ ಕೊಟ್ಟರೆ ತೊಂದರೆ ಇಲ್ಲ. ಆದರೆ ದೊಡ್ಡಪ್ಪನ ಮಗ ಆ ಪಟ್ಟಿಯಲ್ಲಿ ಇಲ್ಲ! ಅದಕ್ಕೇ ಗೆಳೆಯರ ಹಣವನ್ನೆಲ್ಲ ನೋಂದಾಯಿತ ಟ್ರಸ್ಟ್ ಒಂದರ ಮೂಲಕ ತರಿಸಿದೆ. ಟ್ರಸ್ಟ್‌ನವರು ಬಿಲ್ ನೋಡಿ ಮಾರುವವರಿಗೆ ನೇರವಾಗಿ ಕಟ್ಟಿದರು. ಕೊಟ್ಟವರಲ್ಲಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ 80ಜಿ ರಸೀದಿಯೂ (ದೇಣಿಗೆಗೆ ತೆರಿಗೆ ವಿನಾಯಿತಿ ಕೇಳಲು ಕೊಡುವ ರಸೀದಿ) ಉಪಯೋಗಕ್ಕೆ ಬಂತು. 2,000 ರೂ. ಮೀರಿದ ನಗದಿಗೆ ಆ ವಿನಾಯಿತಿ ಇಲ್ಲ, ಹಾಗಾಗಿ ಎಲ್ಲರಿಗೂ ಬ್ಯಾಂಕ್ ಮೂಲಕವೇ ಕಳಿಸಿ ಎಂದೆ.

ಅಮೆರಿಕದಲ್ಲಿರುವ ಇಬ್ಬರು ಗೆಳತಿಯರು ದುಡ್ಡು ಕಳಿಸುತ್ತೇವೆ ಅಂದರು. ಒಬ್ಬಳ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ, ಅವಳ ಹಣ ತೆಗೆದುಕೊಳ್ಳಬಹುದು. ಇನ್ನೊಬ್ಬಳು ಅಲ್ಲಿನ ಪೌರತ್ವ ಪಡೆದಿದ್ದಾಳೆ. ಅವಳ ಹಣ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಕೆಳಗೆ ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಹೇಳಿದಾಗ ಅವಳಿಗೆ ಬೇಜಾರಾಯಿತು. ದುಡ್ಡಿನ ಬದಲು ನನ್ನ ಸಂದೇಶವನ್ನು ಬೆಂಗಳೂರಿನ ಬ್ಯಾಚ್‌ಮೇಟ್‌ಗಳಿಗೆಲ್ಲ ಒಬ್ಬೊಬ್ಬರಿಗೂ ಕಳಿಸಿದಳು. ಅಲ್ಲಿಂದ ಬಂದ ಮೊತ್ತವೇ ಜಾಸ್ತಿ.

ಗಾಡಿ ಬಂದ ಮೇಲಿನ ಕಾಗದದ ಕೆಲಸ ಬಿಡಬೇಡಿ. ಕಿಟ್ ಹಾಕಿಸಿದ್ದನ್ನು ಆರ್‌ಟಿಓದಲ್ಲಿ ಆರ್‌ಸಿ ಮೇಲೆ ಬರೆಸಬೇಕು. ಆಗ ಇನ್ಶೂರೆನ್ಸ್‌ನ ಐಎಂಟಿ 12 ಅನ್ನುವ ಷರತ್ತಿನ ಕೆಳಗೆ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಂನಲ್ಲಿ ಅರ್ಧ ರಿಯಾಯಿತಿ ಕೇಳಬಹುದು. ಇನ್ಶೂರೆನ್ಸ್ ಏಜೆಂಟರು ತಾವಾಗಿ ಹೇಳದಿದ್ದರೆ ನಾವೇ ಆ ಷರತ್ತಿನ ಹೆಸರು ಹೇಳಿ ಕೇಳಬೇಕು. ಇದು ಪ್ರತಿ ವರ್ಷ ಉಳಿಯುವ ದುಡ್ಡು.

ಲಿವರ್ ನಮ್ಮ ಕೈಗೆ ಒಗ್ಗುತ್ತದೋ ಇಲ್ಲವೋ ಅಂತ ಕೂತು ನೋಡಲು ನಮ್ಮ ಕಡೆ ನನಗೆ ಒಂದು ಕಾರೂ ಸಿಗಲಿಲ್ಲ. ಈಗ ನನ್ನದು ಇದೆ. ದಾವಣಗೆರೆ, ರಾಣೆಬೆನ್ನೂರು ಕಡೆಯವರು ಕಿಟ್‌ಗೆ ದುಡ್ಡು ಕೂಡಿಸುವ ಮುಂಚೆ ಒಂದು ಭಾನುವಾರ ಹರಿಹರಕ್ಕೆ ಬನ್ನಿ. ನಿಮ್ಮ ವೀಲ್‌ಚೇರ್ ಜೊತೆಗೇ ಬನ್ನಿ, ಅದು ಹಿಂದಿನ ಸೀಟಿನಲ್ಲಿ ಹಿಡಿಸುತ್ತದೋ ಅಂತಲೂ ನೋಡೋಣ.